ಶ್ರೀಕೃಷ್ಣ ಪಾರಿಜಾತ (ಬಯಲಾಟ)

ಶ್ರೀಕೃಷ್ಣ ಪಾರಿಜಾತ ಉತ್ತರ ಕರ್ನಾಟಕದ ಒಂದು ಬಯಲಾಟ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಇದರ ಬಳಕೆ ಹೆಚ್ಚು. ಬಯಲಾಟದ ಬಗೆಗಳಲ್ಲಿ ದೊಡ್ಡಾಟದವರು ಹತ್ತಾರು ಪ್ರಸಂಗಗಳನ್ನು ಆಡುತ್ತಾರೆ, ಸಣ್ಣಾಟಕ್ಕೂ ಕಥೆಗಳ ಬರವಿಲ್ಲ. ಪಾರಿಜಾತದ ಮೇಳಗಳು ಮಾತ್ರ ಒಂದೇ ಕಥೆಯನ್ನು ತಲೆಮಾರುಗಟ್ಟಲೆ ಆಡುತ್ತ ಬಂದಿವೆ. ಹೀಗಾಗಿ ಇದನ್ನು ಸಣ್ಣಾಟದ ಗುಂಪಿಗೆ ಸೇರಿಸುವವರೂ ಇದ್ದಾರೆ, ಬೇರೆಯೇ ಒಂದು ಪ್ರಕಾರವೆಂದು ಎಣಿಸುವವರೂ ಇದ್ದಾರೆ. ಜನ ಈ ಜಗಳಕ್ಕೆ ಹೋಗುವುದಿಲ್ಲ. ಅವರ ಬಾಯಲ್ಲಿ ಇದು ಬರೀ ‘ಪಾರಿಜಾತ’.

ಈ ಆಟದ ತವರು ಹಳೆಯ ಗೋಕಾಕ ತಾಲ್ಲೂಕು. ಅಪರಾಳ ತಮ್ಮಣ್ಣ ಬರೆದ ಕೃತಿಯನ್ನು ರಂಗಕ್ಕೆ ಒಗ್ಗಿಸಿ, ಆಟವಾಗಿ ಕಟ್ಟಿ ಊರೂರಿಗೆ ಒಯ್ದವನು ಕುಲಗೋಡ ತಮ್ಮಣ್ಣ. ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ತಾಲ್ಲೂಕಾದ ಮೇಲೆ ಅವನ ಊರು ಕುಲಗೋಡ ಅದರ ಪಾಲಿಗೆ ಬಂದಿದೆ. ಹೆಸರು ಒಂದೇ ಆದ್ದರಿಂದ ಇಬ್ಬರು ತಮ್ಮಣ್ಣಗಳನ್ನು ಒಬ್ಬನೆಂದೇ ತಿಳಿಯುವವರು ಇಂದಿಗೂ ಸಿಗುತ್ತಾರೆ. ಅದೇ ಸೀಮೆಯ ಕೌಜಲಗಿಯ ನಿಂಗಮ್ಮ 20ನೆಯ ಶತಮಾನದಲ್ಲಿ ಈ ಆಟಕ್ಕೆ ದೊಡ್ಡ ಹೆಸರು ತಂದಳು. ಬಯಲಾಟದಲ್ಲಿ ಹೆಣ್ಣು ಪಾರ್ಟುಗಳನ್ನು ಗಂಡಸರೇ ಮಾಡುವುದು ವಾಡಿಕೆಯಾಗಿದ್ದ ನಾಡಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರಿನಿಂದಲೇ ಆಟ ಗುರುತಾಗುವಂತೆ ಆದದ್ದು ಸಣ್ಣ ಮಾತಲ್ಲ. ಬಾಗಲಕೋಟೆ ಜಿಲ್ಲೆಯ ಲೋಕಾಪುರವೂ ಪಾರಿಜಾತಕ್ಕೆ ಹೆಸರಾದ ಊರು.

ಕಥೆ ಹರಿವಂಶದ್ದು. ನಾರದ ದೇವಲೋಕದ ಪಾರಿಜಾತದ ಹೂವೊಂದನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣ ಅದನ್ನು ಹತ್ತಿರ ಇದ್ದ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಅವಳು ಮುನಿದು ಬಾಗಿಲು ಹಾಕಿಕೊಳ್ಳುತ್ತಾಳೆ. ಕೃಷ್ಣ ಹೂವಲ್ಲ, ಗಿಡವನ್ನೇ ತಂದುಕೊಡುತ್ತೇನೆಂದು ಮಾತು ಕೊಟ್ಟು, ಇಂದ್ರನನ್ನು ಎದುರಿಸಿ ತರುತ್ತಾನೆ. ಗಿಡ ಸತ್ಯಭಾಮೆಯ ಅಂಗಳದಲ್ಲಿ ನೆಟ್ಟರೂ ಹೂವು ಉದುರಿದ್ದು ರುಕ್ಮಿಣಿಯ ಅಂಗಳಕ್ಕೆ ಎಂಬ ಕೊಸರು ಜನರ ಕಥೆಗಳಲ್ಲಿ ಸೇರಿಕೊಂಡಿದೆ. ಇದೇ ವಸ್ತುವನ್ನು ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ ‘ಪಾರಿಜಾತಾಪಹರಣಮು’ ಎಂಬ ಕಾವ್ಯವಾಗಿಸಿದ. ಕೂಚಿಪೂಡಿಯ ‘ಭಾಮಾಕಲಾಪ’ವೂ ಸತ್ಯಭಾಮೆಯ ಮುನಿಸನ್ನೇ ನೆಚ್ಚಿ ನಿಂತದ್ದು.

ಇಂದ್ರನ ಜೊತೆಗಿನ ಕಾಳಗ ಪುರಾಣದಲ್ಲಿ ದೊಡ್ಡ ಘಟನೆ. ಬಯಲಿನಲ್ಲಿ ಅದಕ್ಕಾಗಿ ಯಾರೂ ಕಾದು ಕೂಡುವುದಿಲ್ಲ. ಹೂವಿಗಾಗಿ ಇಬ್ಬರು ಹೆಂಡಂದಿರ ನಡುವೆ ಸಿಕ್ಕಿಬಿದ್ದ ಗಂಡನ ಪೇಚಾಟ, ಸತ್ಯಭಾಮೆಯ ಸಿಟ್ಟು, ಅವಳ ಸಿಟ್ಟಿಗೆ ತುಪ್ಪ ಸುರಿಯುವ ದೂತಿಯ ಮಾತು, ಇವಕ್ಕೇ ಜನ ರಾತ್ರಿಯೆಲ್ಲ ಕೂಡುತ್ತಾರೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಗೊತ್ತಿರುವ ಕೊನೆಗೆ ಎಷ್ಟು ತಡವಾಗಿ, ಎಷ್ಟು ಸುತ್ತು ಬಳಸಿ ಹೋಗಿ ಮುಟ್ಟಬಹುದು ಎನ್ನುವುದರಲ್ಲೇ ಮೇಳದ ಜಾಣತನ.

ಆಟ ಕಟ್ಟುವವರು ಬಹುಮಟ್ಟಿಗೆ ಒಕ್ಕಲುತನದವರು, ಕೂಲಿಯವರು, ಸಣ್ಣಪುಟ್ಟ ಕಸುಬಿನವರು. ಸುಗ್ಗಿ ಮುಗಿದ ಮೇಲೆ ತಾಲೀಮು, ಜಾತ್ರೆಗೆ ಆಟ. ಮಾಸ್ತರ ಹಾಡು, ಮಾತು ಎರಡನ್ನೂ ಬಾಯಿಪಾಠ ಮಾಡಿಸುತ್ತಾನೆ. ಗುಡಿಯ ಮುಂದೆಯೋ ಓಣಿಯ ಬಯಲಿನಲ್ಲೋ ಹಂದರ ಹಾಕಿ, ಪಕ್ಕಕ್ಕೆ ಹಾರ್ಮೋನಿಯಂ, ತಬಲಾ, ತಾಳದ ಮೇಳ ಕೂಡುತ್ತದೆ. ಈ ಸೀಮೆಗೆ ಹಿಂದೂಸ್ತಾನಿ ಸಂಗೀತವೂ ಮರಾಠಿ ನಾಟಕದ ಹಾಡೂ ಹತ್ತಿರದವು; ಪಾರಿಜಾತದ ಮಟ್ಟುಗಳ ಮೇಲೆ ಎರಡರ ನೆರಳೂ ಬಿದ್ದಿದೆ. ಚಲೋ ಹಾಡಿದಾಗ ನೋಡುವವರಲ್ಲಿ ಒಬ್ಬ ಎದ್ದು ಬಂದು ಆಹೇರಿ ಮಾಡುತ್ತಾನೆ. ಕೊಟ್ಟವರ ಹೆಸರು, ಕೊಟ್ಟ ರೂಪಾಯಿ ಕೂಗಿ ಹೇಳುವ ತನಕ ಕೃಷ್ಣನೂ ಸುಮ್ಮನೆ ನಿಂತಿರಬೇಕು. ಇದರಿಂದ ಕಥೆ ಕೆಟ್ಟಿತೆಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ.

ಆಟದ ಜೀವಾಳ ಭಾಗವತ. ಯಕ್ಷಗಾನದ ಭಾಗವತ ಕುಳಿತು ಹಾಡಿಸಿದರೆ, ಪಾರಿಜಾತದ ಭಾಗವತ ಎದ್ದು ನಿಂತು ಪಾತ್ರಗಳ ನಡುವೆಯೇ ಓಡಾಡುತ್ತಾನೆ. ಒಂದು ಪ್ರವೇಶವನ್ನು ಹತ್ತಿರದಿಂದ ನೋಡಿದರೆ ಅವನ ಕೆಲಸ ತಿಳಿಯುತ್ತದೆ. ಪರದೆಯ ಹಿಂದೆ ಸತ್ಯಭಾಮೆ ನಿಂತಿದ್ದಾಳೆ, ಮೇಳ ಅವಳ ಪದ ಎತ್ತಿಕೊಂಡಿದೆ. ಪರದೆ ಸರಿಯುತ್ತದೆ, ಹೆಜ್ಜೆ ಹಾಕುತ್ತ ಮುಂದೆ ಬರುತ್ತಾಳೆ. ಭಾಗವತ ಅವಳನ್ನು ಮೊದಲ ಸಲ ಕಂಡವನಂತೆ ನೀ ಯಾರವ್ವಾ, ಯಾವೂರು, ಯಾರ ಮಗಳು, ಗಂಡನ ಹೆಸರೇನು ಎಂದು ಶುರು ಮಾಡುತ್ತಾನೆ. ಗಂಡನ ಹೆಸರು ಹೇಳಲು ಅವಳಿಗೆ ನಾಚಿಕೆ. ಅವನು ಬಿಡುವುದಿಲ್ಲ. ಅವಳು ಸುತ್ತಿ ಬಳಸಿ ಹೇಳಿದ್ದನ್ನು ಬೇಕೆಂದೇ ತಪ್ಪು ತಿಳಿಯುತ್ತಾನೆ. ದ್ವಾರಕೆಯ ಅರಮನೆ ಎಂದರೆ ಅದು ನಮ್ಮೂರ ಯಾವ ಓಣಿಗೆ ಬರುತ್ತದೆ ಎಂದು ಕೇಳುತ್ತಾನೆ. ಈ ಪ್ರಶ್ನೋತ್ತರದ ಎಲುಬು ಮಾಸ್ತರ ಕಲಿಸಿದ್ದು. ಮಾಂಸವೆಲ್ಲ ಅಂದಿನ ರಾತ್ರಿಯದು. ಊರ ಹಿರಿಯನ ಮೀಸೆ, ಸಂತೆಯ ಮೆಣಸಿನಕಾಯಿ ದರ, ಎದುರು ಕೂತವರ ನಿದ್ದೆ, ಎಲ್ಲವೂ ದ್ವಾರಕೆಯೊಳಗೆ ಬಂದುಬಿಡುತ್ತವೆ. ಪಾತ್ರಧಾರಿ ಚುರುಕಾಗಿದ್ದರೆ ಭಾಗವತನ ಮಾತನ್ನು ಅವನಿಗೇ ತಿರುಗಿಸಿ ಕೊಡುತ್ತಾಳೆ, ಜನ ನಗುತ್ತಾರೆ, ಪ್ರವೇಶ ಇನ್ನಷ್ಟು ಬೆಳೆಯುತ್ತದೆ.

ಆಡುವವರಿಗೆ ಪಾರಿಜಾತದಲ್ಲಿ ಸಿಗುವ ದೊಡ್ಡ ಸುಖ ಇದೇ ಎಂದು ಹೇಳಬಹುದು. ಕಿರೀಟ, ಬಣ್ಣ, ದೇವರ ಹೆಸರು ಇವು ಎಲ್ಲ ಬಯಲಾಟಗಳಲ್ಲೂ ಸಿಗುತ್ತವೆ. ವೇಷ ಕಟ್ಟಿದ ಮೇಲೂ ತನ್ನ ನಾಲಿಗೆ ತನ್ನದಾಗಿಯೇ ಉಳಿಯುವುದು ಇಲ್ಲಿಯ ಲಾಭ. ದೊಡ್ಡಾಟದ ವೀರ ಗ್ರಂಥದ ಕನ್ನಡದಲ್ಲಿ ಗುಡುಗಬೇಕು. ಪಾರಿಜಾತದ ಸತ್ಯಭಾಮೆ ಗೋಕಾಕದ ಕನ್ನಡದಲ್ಲೇ ಸಿಟ್ಟಾಗುತ್ತಾಳೆ.

ಗೊಲ್ಲತಿಯ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ಹಾಲು ಮೊಸರು ಮಾರಲು ಹೊರಟ ಗೊಲ್ಲತಿಯನ್ನು ಕೃಷ್ಣ ತಡೆದು ಸುಂಕ ಕೇಳುತ್ತಾನೆ. ಪಾರಿಜಾತದ ಹೂವಿಗೂ ಇದಕ್ಕೂ ಸಂಬಂಧವಿಲ್ಲ. ತೆಗೆದುಹಾಕಿದರೆ ಕಥೆಗೆ ಏನೂ ಆಗುವುದಿಲ್ಲ, ಆದರೆ ಆಟ ಸಪ್ಪೆಯಾಗುತ್ತದೆ. ಸವಾಲು ಜವಾಬಿನಲ್ಲಿ ಗೊಲ್ಲತಿ ದೇವರನ್ನು ಮಾತಿನಿಂದ ಸೋಲಿಸುತ್ತ ಹೋಗುತ್ತಾಳೆ. ಪೋಲಿ ಮಾತೂ ಬರುತ್ತದೆ. ಅಚ್ಚಾದ ಪ್ರತಿಗಳಲ್ಲಿ ಸಿಗದ್ದು ಬಯಲಿನಲ್ಲಿ ಸಿಗುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಕೊರವಂಜಿ. ಮುನಿದ ಸತ್ಯಭಾಮೆಯ ಬಾಗಿಲು ಕೃಷ್ಣನಿಗೆ ತೆರೆಯುವುದಿಲ್ಲ, ಕಣಿ ಹೇಳುವವಳಿಗೆ ತೆರೆಯುತ್ತದೆ. ಅವನು ಬುಟ್ಟಿ ಹೊತ್ತು ಕೊರವಂಜಿಯಾಗಿ ಬರುತ್ತಾನೆ, ಅವಳ ಕೈ ಹಿಡಿದು ಅವಳ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳುತ್ತಾನೆ. ಅವಳ ಗಂಡನನ್ನು ಅವಳ ಎದುರಿಗೇ ಬೈಯುವ ಅವಕಾಶವೂ ಅವನಿಗೆ ಸಿಗುತ್ತದೆ. ಇಲ್ಲಿ ಎಷ್ಟು ಪದರಗಳಿವೆ ನೋಡಿ: ಹಗಲು ಹೊಲದಲ್ಲಿದ್ದ ಮನುಷ್ಯ ರಾತ್ರಿ ದೇವರಾಗಿದ್ದಾನೆ, ಆ ದೇವರು ಕೊರವರ ಹೆಣ್ಣಾಗಿದ್ದಾನೆ. ಹೆಣ್ಣುಮಕ್ಕಳೇ ಕೃಷ್ಣನ ಪಾರ್ಟು ಮಾಡಿದಾಗ ಇನ್ನೊಂದು ಮಡಿಕೆ ಸೇರುತ್ತದೆ. ಹೆಣ್ಣು ಗಂಡಾಗಿ, ಆ ಗಂಡು ಮತ್ತೆ ಹೆಣ್ಣಾಗಿ ಬರುತ್ತಾನೆ. ಮುಂದೆ ಕೂತ ಮುದುಕಿಯರಿಗೆ ಎಲ್ಲ ಪದರಗಳೂ ಒಮ್ಮೆಲೇ ಕಾಣುತ್ತಿರುತ್ತವೆ. ಕಾಣದಿರುವುದು ಸತ್ಯಭಾಮೆಗೆ ಮಾತ್ರ, ಅವಳಿಗೆ ಕಾಣುತ್ತಿಲ್ಲ ಎನ್ನುವುದೇ ನಗೆಯ ಮೂಲ.

ವೇಷ ಹಾಕಿ ಇನ್ನೊಬ್ಬರಾಗುವ ಈ ಸುಖವನ್ನು ಇಂದಿನ ಹುಡುಗರು ಬೇರೆ ಕಡೆಯೂ ಹುಡುಕುತ್ತಾರೆ. ಕಂಪ್ಯೂಟರಿನ ಪಾತ್ರಧಾರಿ ಆಟಗಳ ಬೇರು ಇರುವುದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಮೇಜಿನ ಆಟದಲ್ಲಿ. ಅದರಲ್ಲಿ ಒಬ್ಬ ಕಥೆ ನಡೆಸುತ್ತಾನೆ, ಎದುರಾದವರ ಮಾತೆಲ್ಲ ಅವನೇ ಆಡುತ್ತಾನೆ, ಉಳಿದವರು ಮಾಟಗಾರ, ಕಳ್ಳ, ಯೋಧ ಎಂದು ಒಂದೊಂದು ಪಾರ್ಟು ಹಿಡಿದು ಉತ್ತರ ಕೊಡುತ್ತಾರೆ. ಕುಲಗೋಡದವರಿಗೆ ತೋರಿಸಿದರೆ ಅವನು ಭಾಗವತ ಎಂದು ಕೂಡಲೇ ಗುರುತಿಸಿಯಾರು. ಕಂಪ್ಯೂಟರು ಭಾಗವತನ ಜಾಗಕ್ಕೆ ಬಂದ ಮೇಲೆ ‘ಬಾಲ್ಡರ್ಸ್ ಗೇಟ್’ (1998), ‘ಸ್ಕೈರಿಮ್’ (2011), ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್‌ನ ‘ಬಾಲ್ಡರ್ಸ್ ಗೇಟ್ 3’ (2023) ಮೊದಲಾದವು ಬಂದವು. ಇವುಗಳಲ್ಲೂ ಲೋಕ ಉಳಿಸುವ ಮುಖ್ಯ ಕೆಲಸವನ್ನು ಪಕ್ಕಕ್ಕಿಟ್ಟು ಅಡ್ಡದಾರಿ ಹಿಡಿಯುವುದೇ ಆಡುವವರಿಗೆ ಇಷ್ಟ. ಸ್ಕೈರಿಮ್‌ನಲ್ಲಿ ಡ್ರಾಗನ್ ತಲೆಯ ಮೇಲೆ ಹಾರುತ್ತಿದ್ದರೂ ಬೆಟ್ಟದ ಹೂವು ಕಿತ್ತು ಔಷಧ ಕುದಿಸುತ್ತ, ಮನೆ ಕೊಂಡು ಮದುವೆಯಾಗಿ ಇದ್ದುಬಿಡಬಹುದು. ಬಾಲ್ಡರ್ಸ್ ಗೇಟ್ 3ರಲ್ಲಿ ಮಂತ್ರದಿಂದ ರೂಪ ಬದಲಿಸಿಕೊಂಡು ಹೋದರೆ ಎದುರಿಗಿದ್ದವರ ಮಾತೂ ಬದಲಾಗುವ ಪ್ರಸಂಗಗಳಿವೆ; ದಾರಿಯಲ್ಲಿ ಜೊತೆಯಾದವರ ಮುನಿಸು, ಒಲವು, ಚುಚ್ಚುಮಾತುಗಳಿಗೇ ಆಡುವವರು ಹೆಚ್ಚು ಮನಸೋಲುತ್ತಾರೆ. ಅದೂ ಒಂದು ಬಗೆಯ ಪಾರಿಜಾತವೇ.

ವ್ಯತ್ಯಾಸವೂ ದೊಡ್ಡದು. ಕಂಪ್ಯೂಟರಿನಲ್ಲಿ ಆಯ್ದುಕೊಳ್ಳುವ ಮಾತು ಮೊದಲೇ ಬರೆದಿಟ್ಟದ್ದು. ಸಾವಿರಗಟ್ಟಲೆ ಸಾಲುಗಳಿದ್ದರೂ ಬರೆಯದ ಮಾತನ್ನು ಆಡಲಾಗದು. ಭಾಗವತನ ಎದುರು ಆ ಕಟ್ಟಿಲ್ಲ. ಆದರೆ ಭಾಗವತನ ಎದುರು ಬಾಯಿ ಕಟ್ಟಿದರೆ ಹಿಂದಿನ ಜಾಗಕ್ಕೆ ಮರಳಿ ಹೋಗಿ ಮತ್ತೆ ಆಡುವ ಅನುಕೂಲವೂ ಇಲ್ಲ. ಇಡೀ ಊರು ನೋಡಿರುತ್ತದೆ, ಮುಂದಿನ ಜಾತ್ರೆಯ ತನಕ ನೆನಪಿಟ್ಟಿರುತ್ತದೆ.

ಈ ಆಟಗಳ ನೆಲದಿಂದ ಬಂದ ಲೇಖಕ ಚಂದ್ರಶೇಖರ ಕಂಬಾರ. ಅವರು 1937ರಲ್ಲಿ ಹುಟ್ಟಿದ್ದು ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ. ಅದು ಹುಕ್ಕೇರಿ ತಾಲ್ಲೂಕಿನ ಊರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಅವರು ಸಂಶೋಧನೆಗೂ ಎತ್ತಿಕೊಂಡರು, ಅದಕ್ಕಿಂತ ಹೆಚ್ಚಾಗಿ ತಮ್ಮ ಬರವಣಿಗೆಗೆ ಒಗ್ಗಿಸಿಕೊಂಡರು. 1964ರ ‘ಹೇಳತೇನ ಕೇಳ’ ಕಥನಕಾವ್ಯದಲ್ಲಿ ರಾಕ್ಷಸನೊಬ್ಬ ಊರ ಗೌಡನನ್ನು ಕೊಂದು ಗೌಡನದೇ ರೂಪ ತೊಟ್ಟು ಊರಿಗೆ ಬರುತ್ತಾನೆ. ಕೊರವಂಜಿಯ ವೇಷದಲ್ಲಿ ನಗೆಯಾಗಿದ್ದದ್ದು ಇಲ್ಲಿ ಭಯವಾಗಿದೆ. ‘ಜೋಕುಮಾರಸ್ವಾಮಿ’ ನಾಟಕ (1972) ಬಯಲಾಟದ ಸೂತ್ರಧಾರನನ್ನೂ ಮೇಳವನ್ನೂ ಹೊಸ ರಂಗಭೂಮಿಗೆ ತಂದಿತು. ‘ಸಿರಿಸಂಪಿಗೆ’ಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2010ನೆಯ ಸಾಲಿನ ಜ್ಞಾನಪೀಠವೂ ಅವರಿಗೆ ಸಂದಿತು. ಅವರ ಕಾವ್ಯ, ಕಾದಂಬರಿ, ನಾಟಕಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರ ಕಲ್ಪನೆಯ ಊರು. ಒಂದು ಕೃತಿಯಿಂದ ಇನ್ನೊಂದಕ್ಕೆ ಹೋದ ಓದುಗನಿಗೆ ಹಳೆಯ ಊರಿಗೆ ಹೊಸ ದಾರಿಯಿಂದ ಬಂದಂತಾಗುತ್ತದೆ. ಕಂಪ್ಯೂಟರ್ ಆಟಗಳನ್ನು ಬಲ್ಲವರಿಗೆ ಈ ಅನುಭವ ಅಪರಿಚಿತವಲ್ಲ. ಅಲ್ಲಿಯೂ ಒಂದೇ ಲೋಕದ ನಕಾಶೆಯ ಮೇಲೆ ಆಟದ ಮೇಲೆ ಆಟ ಹೂಡುತ್ತಾರೆ.

ಕಂಪನಿ ನಾಟಕ, ಸಿನಿಮಾ, ಟಿ.ವಿ. ಒಂದರ ಹಿಂದೊಂದು ಬಂದ ಮೇಲೆ ಪಾರಿಜಾತದ ಮೇಳಗಳು ಕಡಿಮೆಯಾದವು. ಇಂದು ಅದು ಜಾತ್ರೆಯಲ್ಲಿ ಕಾಣುವುದಕ್ಕಿಂತ ಉತ್ಸವದ ವೇದಿಕೆಯ ಮೇಲೆ ಕಾಣುವುದೇ ಹೆಚ್ಚೇನೋ. ಬಯಲಾಟಗಳಿಗೆಂದೇ ಇರುವ ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲಿದೆ. ಕಲಾವಿದರನ್ನು ಗುರುತಿಸಿ ಗೌರವಿಸುವ ಕೆಲಸ ಅದರದು. ವೇದಿಕೆಯ ಹೊತ್ತು ಬೆಳಗಿನ ತನಕ ಇರುವುದಿಲ್ಲ. ಇಡೀ ರಾತ್ರಿಯ ಆಟವನ್ನು ಒಂದೆರಡು ಗಂಟೆಗೆ ಇಳಿಸುವಾಗ ಹಾಡುಗಳು ಹೇಗೋ ಉಳಿಯುತ್ತವೆ, ಕಥೆಯೂ ಉಳಿಯುತ್ತದೆ. ಕತ್ತರಿ ಬೀಳುವುದು ಭಾಗವತನ ಪ್ರಶ್ನೆಗಳಿಗೆ. ಮುಂದಿನ ಸಾಲಿನಲ್ಲಿ ಅತಿಥಿಗಳು ಕೂತಿರುವಾಗ ದ್ವಾರಕೆ ಯಾವ ಓಣಿಯಲ್ಲಿದೆ ಎಂದು ಕೇಳುವ ಸಲಿಗೆಯೂ ಅವನಿಗೆ ಇರುವುದಿಲ್ಲ. ಪಾರಿಜಾತವನ್ನು ಉತ್ಸವದಲ್ಲಿ ಮಾತ್ರ ನೋಡಿದವರು ಅದನ್ನು ಒಂದು ಸಂಗೀತ ರೂಪಕವೆಂದು ಬಗೆದರೆ ತಪ್ಪು ಅವರದಲ್ಲ.