ಜಿ ಚೌಕದಲ್ಲಿ ಸಿಕ್ಕ ಲೆಫ್ಟಿನೆಂಟ್

1919ರಲ್ಲಿ ಉತ್ತರ ಫ್ರಾನ್ಸಿನ ಲೂಸ್ ಸುತ್ತಿನ ಹೊಲಗಳಲ್ಲಿ ಹೆಣಗಳನ್ನು ಹುಡುಕಿ ತೆಗೆದು ಸ್ಮಶಾನಗಳಿಗೆ ಸಾಗಿಸುತ್ತಿದ್ದ ಬ್ರಿಟಿಷ್ ಸೇನಾ ತಂಡವೊಂದು ತನ್ನ ಫಾರಮ್ಮಿನಲ್ಲಿ ಒಂದು ಸಾಲು ತುಂಬಿತು. ಹೆಸರು: ಗೊತ್ತಿಲ್ಲ. ದರ್ಜೆ: ಲೆಫ್ಟಿನೆಂಟ್. ಪಡೆ: ಐರಿಷ್ ಗಾರ್ಡ್ಸ್. ಸಿಕ್ಕ ಜಾಗ: ಜಿ.25.ಸಿ.6.8. ಹೆಣವನ್ನು ಸೇಂಟ್ ಮೇರೀಸ್ ಎಂಬ ಸ್ಮಶಾನದಲ್ಲಿ, ಬಹುಪಾಲು ಹೆಸರಿಲ್ಲದವರೇ ಮಲಗಿರುವ ಸಾಲುಗಳ ನಡುವೆ ಹೂಳಲಾಯಿತು. ಮುಂದೆ ಏಳು ದಶಕ ಆ ಕಲ್ಲಿನ ಮೇಲೆ ಪಡೆ ಮತ್ತು ದರ್ಜೆ ಮಾತ್ರ ಇದ್ದವು. 1992ರಲ್ಲಿ ಕಲ್ಲು ಬದಲಾಯಿತು. ಹೊಸ ಕಲ್ಲಿನ ಮೇಲೆ ಜಾನ್ ಕಿಪ್ಲಿಂಗ್ ಎಂಬ ಹೆಸರು ಬಂತು. ಮೋಗ್ಲಿಯ ಕಥೆ ಬರೆದ ರಡ್ಯಾರ್ಡ್ ಕಿಪ್ಲಿಂಗನ ಒಬ್ಬನೇ ಮಗ. 1915ರ ಸೆಪ್ಟೆಂಬರ್ 27ರಂದು ಕಾಣೆಯಾದಾಗ ಅವನಿಗೆ ಹದಿನೆಂಟು ತುಂಬಿ ಆರು ವಾರವೂ ಆಗಿರಲಿಲ್ಲ.

ಈ ನಡುವೆ ಹೊಸದಾಗಿ ಏನೂ ಸಿಕ್ಕಿರಲಿಲ್ಲ. ಉಂಗುರವಿಲ್ಲ, ಗಡಿಯಾರವಿಲ್ಲ, ಜೇಬಿನಲ್ಲಿ ಉಳಿದ ಕಾಗದವಿಲ್ಲ. ಗೋರಿಯನ್ನು ಯಾರೂ ತೆರೆದಿರಲಿಲ್ಲ. ಹಳೆಯ ಕಾಗದವನ್ನೇ ಒಬ್ಬರು ಬೇರೆ ರೀತಿ ಓದಿದರು, ಅಷ್ಟೆ. ಆ ಓದು ಎಷ್ಟು ಗಟ್ಟಿ ಎಂದು ನೋಡುವ ಕುತೂಹಲದಿಂದ ನಾನು ಈ ಮನೆತನದ ಕಾಗದಪತ್ರಗಳ ಬೆನ್ನು ಹಿಡಿದೆ.

ಇಂಗ್ಲೆಂಡಿನ ಯಾವುದೇ ಕುಟುಂಬವನ್ನು ಹುಡುಕುವವರು ಮೊದಲು ಮುಟ್ಟುವುದು ಖಾನೇಷುಮಾರಿಯನ್ನು. ಹತ್ತು ವರ್ಷಕ್ಕೊಮ್ಮೆ, ಗೊತ್ತುಮಾಡಿದ ಒಂದು ರಾತ್ರಿ, ಯಾವ ಸೂರಿನಡಿ ಯಾರು ಮಲಗಿದ್ದರು ಎಂಬ ಲೆಕ್ಕ ಅದು. 1841ರ ಪಟ್ಟಿಯಿಂದ ಹೆಸರುಗಳು ಸಿಗುತ್ತವೆ. ಆದರೆ ಆ ವರ್ಷ ದೊಡ್ಡವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಲು ಹೇಳಿದ್ದರಿಂದ ಮೂವತ್ತೊಂಬತ್ತರವನು ಮೂವತ್ತೈದಾಗಿ ಕಾಣಿಸಬಹುದು. 1911ರದ್ದು ಹೆಚ್ಚು ಆಪ್ತ. ಮನೆಯ ಯಜಮಾನ ತನ್ನ ಕೈಯಾರೆ ತುಂಬಿದ ಹಾಳೆಯೇ ಉಳಿದಿದೆ. 1931ರ ಎಣಿಕೆ 1942ರಲ್ಲಿ ಬೆಂಕಿಗೆ ಆಹುತಿಯಾಯಿತು, 1941ರಲ್ಲಿ ಯುದ್ಧದಿಂದಾಗಿ ಎಣಿಕೆಯೇ ನಡೆಯಲಿಲ್ಲ.

ಕಿಪ್ಲಿಂಗರ ಮಟ್ಟಿಗೆ ಈ ಬಲೆಯ ಕಣ್ಣುಗಳು ತೀರ ದೊಡ್ಡವು. ರಡ್ಯಾರ್ಡ್ ಹುಟ್ಟಿದ್ದು 1865ರಲ್ಲಿ ಮುಂಬಯಿಯಲ್ಲಿ, ಹಾಗಾಗಿ ಇಂಗ್ಲೆಂಡಿನ ಜನನ ನೋಂದಣಿಯಲ್ಲಿ ಅವನನ್ನು ಹುಡುಕಿ ಫಲವಿಲ್ಲ. 1871ರಲ್ಲಿ ಓದಿಗೆಂದು ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು, ನಿಜ. ಆದರೆ ಆ ವರ್ಷದ ಎಣಿಕೆ ಏಪ್ರಿಲ್ 2ರ ರಾತ್ರಿ ನಡೆಯಿತು, ಹುಡುಗ ಆಗಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಮಗ ಜಾನ್ ಹುಟ್ಟಿದ್ದು 1897ರ ಆಗಸ್ಟ್ 17ರಂದು, ಸಸೆಕ್ಸ್‌ನ ರಾಟಿಂಗ್‌ಡೀನ್‌ನಲ್ಲಿ. ಅವನ ಇಡೀ ಆಯುಷ್ಯದೊಳಗೆ ಬಂದ ಎಣಿಕೆಗಳು ಎರಡೇ, 1901 ಮತ್ತು 1911. ಮೊದಲನೆಯದು ಮಾರ್ಚ್ 31ರ ರಾತ್ರಿಯದು. ಆ ವರ್ಷಗಳಲ್ಲಿ ಕಿಪ್ಲಿಂಗ್ ಸಂಸಾರ ಚಳಿಗಾಲವನ್ನು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಕಳೆದು ವಸಂತದಲ್ಲಿ ಮನೆಗೆ ಮರಳುತ್ತಿತ್ತು ಎಂಬುದನ್ನು ಮರೆತು ಪುಟ ತಿರುವಿದರೆ ಕಾಲಹರಣ. ಹೊಲಗೇಯುವ ಬಡವನೊಬ್ಬ ಅದೇ ಊರಿನ ಅದೇ ಬೀದಿಯಲ್ಲಿ ದಶಕದಿಂದ ದಶಕಕ್ಕೆ ಸಿಗುತ್ತಾನೆ. ಹಡಗಿನ ಟಿಕೆಟ್ಟು ಕೊಳ್ಳಬಲ್ಲವನು ತಪ್ಪಿಸಿಕೊಳ್ಳುತ್ತಾನೆ. ಮುಂದಿನ ಎಣಿಕೆ 1921ರ ಜೂನ್‌ನಲ್ಲಿ. ಅಷ್ಟರಲ್ಲಿ ಎಣಿಸಲು ಮಗನೇ ಇರಲಿಲ್ಲ.

ಹೀಗಾಗಿ ಸೇನೆಯ ಕಡತಗಳ ಕಡೆ ತಿರುಗಬೇಕು. ಅಲ್ಲೂ ಬೆಂಕಿ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ದಾಖಲೆ ಉಗ್ರಾಣದ ಮೇಲೆ ಜರ್ಮನ್ ಬಾಂಬು ಬಿದ್ದು, ಮೊದಲ ಮಹಾಯುದ್ಧದ ಸಿಪಾಯಿಗಳ ಸೇವಾ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು ಸುಟ್ಟುಹೋದವು. ಅಧಿಕಾರಿಗಳ ಮುಖ್ಯ ಕಡತಗಳೂ ಅದೇ ಬೆಂಕಿಯಲ್ಲಿ ಹೋದವು. ಬೇರೆಡೆ ಇದ್ದ ಪೂರಕ ಕಡತಗಳು ಉಳಿದವು. ಇವುಗಳ ಜತೆಗೆ ಪದಕ ಪಡೆದವರ ಚೀಟಿಗಳು, ಪ್ರತಿ ಪಡೆಯ ಯುದ್ಧ ದಿನಚರಿ, ನೇಮಕ-ಬಡ್ತಿಗಳನ್ನು ಸಾರುವ ‘ಲಂಡನ್ ಗೆಜೆಟ್’ ಇವೆ.

ಜಾನ್ ಸೇನೆಗೆ ಸೇರಿದ ಬಗೆ ಗೊತ್ತಿರುವಂಥದ್ದೇ. ಕಣ್ಣು ತೀರ ಮಂದ, ಕನ್ನಡಕವಿಲ್ಲದೆ ನಡೆಯುವಂತಿರಲಿಲ್ಲ. ತಪಾಸಣೆಯಲ್ಲಿ ಬೇಡವೆಂದರು. ತಂದೆ ತನ್ನ ಭಾರತದ ದಿನಗಳಿಂದ ಬಲ್ಲ ಲಾರ್ಡ್ ರಾಬರ್ಟ್ಸ್‌ಗೆ ಹೇಳಿದ. ಕಂದಹಾರದ ಖ್ಯಾತಿಯ ಆ ಮುದಿ ಸೇನಾನಿ ಐರಿಷ್ ಗಾರ್ಡ್ಸ್‌ನ ಗೌರವ ಕರ್ನಲ್ ಆಗಿದ್ದರು. 1914ರಲ್ಲೇ ಹುಡುಗ ಸೆಕೆಂಡ್ ಲೆಫ್ಟಿನೆಂಟ್ ಆದ. 1915ರ ಆಗಸ್ಟ್ ನಡುವಿನಲ್ಲಿ ಅವನಿದ್ದ ಎರಡನೇ ಬೆಟಾಲಿಯನ್ ಫ್ರಾನ್ಸಿಗೆ ದಾಟಿತು. ಸೆಪ್ಟೆಂಬರ್ 25ಕ್ಕೆ ಲೂಸ್ ಕದನ ಶುರು. 27ರಂದು ಆ ಬೆಟಾಲಿಯನ್ ಚಾಕ್ ಪಿಟ್ ಎಂಬ ಸುಣ್ಣಕಲ್ಲಿನ ಗುಂಡಿಯ ಪಕ್ಕದ ತೋಪಿನ ಮೇಲೆ ನುಗ್ಗಿತು. ಸಂಜೆಯ ಲೆಕ್ಕದಲ್ಲಿ ಜಾನ್ ‘ಗಾಯಗೊಂಡು ಕಾಣೆಯಾದವನು’.

ಆಮೇಲಿನದು ಸಾಕ್ಷಿಗಳ ಗೊಂದಲ. ತಂದೆತಾಯಿ ಆಸ್ಪತ್ರೆಗಳಿಗೆ ಅಲೆದು ಬೆಟಾಲಿಯನ್ನಿನ ಗಾಯಾಳುಗಳನ್ನು ಕೇಳಿದರು. ಗಾಯ ದೇಹದ ಯಾವ ಭಾಗಕ್ಕೆ, ಬಿದ್ದದ್ದು ಯಾವ ಜಾಗದಲ್ಲಿ ಎಂಬುದರಲ್ಲಿ ಸಿಕ್ಕ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಿಪ್ಲಿಂಗನ ಗೆಳೆಯ, ಕಾದಂಬರಿಕಾರ ರೈಡರ್ ಹ್ಯಾಗರ್ಡ್ ಒಬ್ಬ ಸಿಪಾಯಿಯಿಂದ ಕೇಳಿ ದಿನಚರಿಯಲ್ಲಿ ಬರೆದುಕೊಂಡದ್ದು ಬೇರೆಯೇ: ಬಾಯಿ ಛಿದ್ರವಾದ ಅಧಿಕಾರಿಯೊಬ್ಬ ನೋವಿನಿಂದ ಅಳುತ್ತ ಪಟ್ಟಿ ಕಟ್ಟಿಕೊಳ್ಳಲು ಒದ್ದಾಡುತ್ತಿದ್ದ. ಹ್ಯಾಗರ್ಡ್ ಅದನ್ನು ತಂದೆಗೆ ತಿಳಿಸದಿರಲು ನಿರ್ಧರಿಸಿದರು. ಮನುಷ್ಯನಾಗಿ ಅದು ಸರಿಯೇ. ಆದರೆ ಸಾಕ್ಷ್ಯದ ಲೆಕ್ಕದಲ್ಲಿ ಒಂದು ಹೇಳಿಕೆಯನ್ನು ಮತ್ತೊಂದರ ಎದುರು ಇಟ್ಟು ಒರೆಹಚ್ಚುವ ಅವಕಾಶ ಅಲ್ಲಿಗೆ ತಪ್ಪಿತು. ಯುದ್ಧದ ನಡುವೆ ಬೆನ್ನು ಬಾಗಿಸಿ ಓಡುವವನು ಕಂಡದ್ದು, ತಿಂಗಳುಗಳ ಮೇಲೆ ಆಸ್ಪತ್ರೆಯ ಮಂಚದಲ್ಲಿ ನೆನೆದದ್ದು, ಎದುರಿಗೆ ಕೂತ ತಂದೆಯ ಮುಖ ನೋಡಿ ಹೇಳಿದ್ದು. ಇವುಗಳನ್ನು ನಾನು ಪುರಾವೆಯೆಂದು ಎಣಿಸಲಾರೆ.

ಕಿಪ್ಲಿಂಗ್ 1917ರಲ್ಲಿ ಯುದ್ಧ ಸಮಾಧಿ ಆಯೋಗದ ಸದಸ್ಯನಾದ. ಹೆಸರಿಲ್ಲದ ಗೋರಿಗಳ ಮೇಲೆ ಕೆತ್ತುವ ಒಕ್ಕಣೆಯನ್ನು ಸೂಚಿಸಿದವನೂ ಅವನೇ. ಮಗನ ಪಡೆಯ ಇತಿಹಾಸವನ್ನು ಎರಡು ಸಂಪುಟಗಳಲ್ಲಿ 1923ರಲ್ಲಿ ಹೊರತಂದ. 1936ರಲ್ಲಿ ತೀರಿಕೊಳ್ಳುವವರೆಗೂ ಗೋರಿ ಯಾವುದೆಂದು ಅವನಿಗೆ ತಿಳಿಯಲಿಲ್ಲ.

ಈಗ ಜಿ.25.ಸಿ.6.8ಕ್ಕೆ ಬರುತ್ತೇನೆ. ಕಂದಕ ಯುದ್ಧದ ಬ್ರಿಟಿಷ್ ನಕ್ಷೆಯಲ್ಲಿ ಪ್ರತಿ ಹಾಳೆಯನ್ನೂ ಇಂಗ್ಲಿಷ್ ಅಕ್ಷರಗಳ ದೊಡ್ಡ ಚೌಕಗಳಾಗಿ ಒಡೆದಿರುತ್ತಾರೆ. ಒಂದೊಂದರ ಅಗಲ ಆರು ಸಾವಿರ ಗಜ. ಅದರೊಳಗೆ ಸಾವಿರ ಗಜದ ಅಂಕಿಯ ಚೌಕಗಳು, ಅವುಗಳೊಳಗೆ ಎ, ಬಿ, ಸಿ, ಡಿ ಎಂಬ ಕಾಲುಭಾಗಗಳು. ಕೊನೆಯ ಎರಡು ಅಂಕಿ ಆ ಕಾಲುಭಾಗದೊಳಗೆ ಐವತ್ತು ಗಜದಷ್ಟು ನಿಖರವಾಗಿ ಜಾಗ ತೋರಿಸುತ್ತವೆ. ಕೊನೆಯ ಅಂಕಿ ತಪ್ಪಿದರೆ ನಷ್ಟ ಅಲ್ಪ. ಮೊದಲ ಅಕ್ಷರ ತಪ್ಪಿದರೆ ಐದೂವರೆ ಕಿಲೋಮೀಟರ್. ಮತ್ತೆ ಜಿ ಚೌಕದ ಪೂರ್ವಕ್ಕೆ ತಾಗಿಕೊಂಡೇ ಇರುವುದು ಎಚ್.

ಆಯೋಗದಲ್ಲಿ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ನಾರ್ಮ್ ಕ್ರಿಸ್ಟಿ ಗಮನಿಸಿದ್ದು ಇದನ್ನೇ. ಜಿ.25 ಇರುವ ಕಡೆ ಐರಿಷ್ ಗಾರ್ಡ್ಸ್ ಕಾದಿರಲಿಲ್ಲ. ಅಕ್ಷರವನ್ನು ಎಚ್ ಎಂದು ಓದಿದರೆ, ಉಳಿದ ಅಂಕಿಗಳನ್ನು ಹಾಗೇ ಬಿಟ್ಟರೂ, ಜಾಗ ನೇರವಾಗಿ ಚಾಕ್ ಪಿಟ್ ಪರಿಸರಕ್ಕೆ ಬಂದು ಕೂರುತ್ತದೆ. ಗುಮಾಸ್ತನ ಕೈತಪ್ಪು ಎಂದು ಅವರು ತೀರ್ಮಾನಿಸಿದರು. ಅಲ್ಲಿ ಬಿದ್ದ, ಗೋರಿ ತಿಳಿಯದ ಐರಿಷ್ ಗಾರ್ಡ್ಸ್ ಲೆಫ್ಟಿನೆಂಟ್ ಯಾರು? ಜಾನ್. ಕಲ್ಲು ಬದಲಾಯಿತು.

ಇದನ್ನು ಮೊದಲು ಓದಿದಾಗ ಆದ ಖುಷಿಯ ಹಿಂದೆಯೇ ಅನುಮಾನವೂ ಬಂತು. ವಾದ ಸುತ್ತು ಹಾಕುತ್ತಿಲ್ಲವೆ? ಐರಿಷ್ ಗಾರ್ಡ್ಸ್‌ನವನಾದ್ದರಿಂದ ಅಕ್ಷರ ಎಚ್ ಇರಬೇಕು. ಅಕ್ಷರ ಎಚ್ ಆದ್ದರಿಂದ ಅವನು ಜಾನ್ ಇರಬೇಕು. ಮೊದಲ ಹೆಜ್ಜೆಗೆ ಬೇರೆ ಆಧಾರ ಬೇಕು. ನಕ್ಷೆಯನ್ನೇ ಮತ್ತೆ ನೋಡಿದರೆ ಆಧಾರ ಸಿಗುತ್ತದೆ. ಜಿ.25 ಇರುವುದು ಆಕ್ರಮಣ ಹೊರಟ ಬ್ರಿಟಿಷ್ ಸಾಲಿಗೂ ಸಾಕಷ್ಟು ಹಿಂದೆ, ತಮ್ಮದೇ ನೆಲದಲ್ಲಿ. ಅಲ್ಲಿ ಸತ್ತ ಅಧಿಕಾರಿಯನ್ನು ಹೆಸರು ಬರೆದ ಶಿಲುಬೆಯಡಿ ಹೂಳುತ್ತಿದ್ದರು. ಹೆಸರಿಲ್ಲದೆ ನಾಲ್ಕು ವರ್ಷ ಬಿದ್ದಿರುವ ಹೆಣ ಎರಡು ಸಾಲುಗಳ ನಡುವಿನ, ಯಾರೂ ಕಾಲಿಡಲಾಗದ ನೆಲಕ್ಕೆ ಸೇರಿದ್ದು. ಆದ್ದರಿಂದ ಸತ್ತವನು ಯಾರೇ ಇರಲಿ, ಯಾವ ಪಡೆಯವನೇ ಇರಲಿ, ಜಿ ಅನುಮಾನಾಸ್ಪದವೇ.

ಗಟ್ಟಿ ಆಕ್ಷೇಪ ಬಂದದ್ದು ಬೇರೆ ದಿಕ್ಕಿನಿಂದ. ಟೋನಿ ಮತ್ತು ವಾಲ್ಮೇ ಹೋಲ್ಟ್ ದಂಪತಿ 1998ರಲ್ಲಿ ತಮ್ಮ ಪುಸ್ತಕದಲ್ಲಿ ಕೇಳಿದ್ದು ಭುಜದ ಮೇಲಿನ ನಕ್ಷತ್ರಗಳ ಬಗ್ಗೆ. ಸೆಕೆಂಡ್ ಲೆಫ್ಟಿನೆಂಟಿಗೆ ಒಂದು ನಕ್ಷತ್ರ, ಲೆಫ್ಟಿನೆಂಟಿಗೆ ಎರಡು. ಜಾನನ ಬಡ್ತಿ ಗೆಜೆಟ್ಟಿನಲ್ಲಿ ಪ್ರಕಟವಾದದ್ದು ನವೆಂಬರಿನಲ್ಲಿ, ಅವನು ಕಾಣೆಯಾದ ಮೇಲೆ. ಹಾಗಿದ್ದಲ್ಲಿ ಸೆಪ್ಟೆಂಬರ್ 27ರಂದು ಅವನು ಒಂದೇ ನಕ್ಷತ್ರ ಧರಿಸಿರಬೇಕಲ್ಲ? ಇನ್ನೂ ಬಿಗಿಯಾದ ಮಾತೆಂದರೆ, ಸ್ವತಃ ತಂದೆ ಪಡೆಯ ಇತಿಹಾಸದಲ್ಲಿ ಆ ದಿನದ ವಿವರ ಬರೆಯುವಾಗ ಮಗನನ್ನು ಸೆಕೆಂಡ್ ಲೆಫ್ಟಿನೆಂಟ್ ಎಂದೇ ಕರೆದಿದ್ದಾನೆ. ಗೋರಿಯಲ್ಲಿರುವವನು ಲಂಡನ್ ಐರಿಷ್ ರೈಫಲ್ಸ್ ಎಂಬ ಬೇರೆ ಪಡೆಯ ಲೆಫ್ಟಿನೆಂಟ್ ಆಗಿರಬಹುದು ಎಂದು ಅವರು ಸೂಚಿಸಿದರು. ಇದನ್ನು ನಾನು ಹಗುರಾಗಿ ತಳ್ಳಿಹಾಕಲಿಲ್ಲ. ಐರಿಷ್ ಗಾರ್ಡ್ಸ್‌ನ ಗುಂಡಿಗಳ ಮೇಲೂ ಲಂಡನ್ ಐರಿಷ್‌ನವರ ಲಾಂಛನದಲ್ಲೂ ಕಿರೀಟ ಹೊತ್ತ ಹಾರ್ಪ್ ವಾದ್ಯ ಕಾಣುತ್ತದೆ, ನಾಲ್ಕು ವರ್ಷ ಮಣ್ಣಿನಲ್ಲಿದ್ದ ಲೋಹದ ಮೇಲೆ ಅದನ್ನು ಓದುವುದು ಸುಲಭವಲ್ಲ. ಆದರೆ ಆ ಪಡೆ ಮುನ್ನುಗ್ಗಿದ್ದೂ ತನ್ನ ಸಾಲಿನ ಮುಂದಕ್ಕೆ, ಹಿಂದಕ್ಕಲ್ಲ. ಜಿ.25 ಅವರಿಗೂ ಒಗ್ಗುವುದಿಲ್ಲ.

ಗ್ರಹಾಂ ಪಾರ್ಕರ್ ಮತ್ತು ಜೊಅನಾ ಲೆಗ್ 2016ರಲ್ಲಿ ವೆಸ್ಟರ್ನ್ ಫ್ರಂಟ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಈ ಗಂಟನ್ನು ಬಿಡಿಸಲು ಕೂತರು. ಅವರು ಎತ್ತಿ ತೋರಿಸಿದ್ದು, ಗೆಜೆಟ್ಟಿನ ಅದೇ ನಮೂದಿನಲ್ಲಿ ಇರುವ ಇನ್ನೊಂದು ತಾರೀಖು. ಬಡ್ತಿ ಪ್ರಕಟವಾದದ್ದು ನವೆಂಬರಿನಲ್ಲಾದರೂ ಜಾರಿಗೆ ಬಂದದ್ದು ಜೂನ್ 7ರಿಂದ. ಸರ್ಕಾರಿ ಕಚೇರಿಯ ಕಡತ ನೋಡಿದ ಯಾರಿಗೂ ಇದು ಹೊಸದೇನಲ್ಲ: ಆದೇಶ ಒಂದು ದಿನ, ಅದು ಅನ್ವಯಿಸುವ ದಿನ ಇನ್ನೊಂದು. ಜತೆಗೆ ಅವರು ಲೂಸ್ ಕದನದಲ್ಲಿ ಸತ್ತ ಐರಿಷ್ ಗಾರ್ಡ್ಸ್ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸಿ, ಗೋರಿ ಗೊತ್ತಿರುವವರನ್ನು ಬಿಡುತ್ತ ಬಂದರು. ಕೊನೆಗೆ ಉಳಿದ ಲೆಫ್ಟಿನೆಂಟ್ ಒಬ್ಬನೇ. ಇಲ್ಲಿ ಒಂದು ಕಸಿವಿಸಿಯ ಸಂಗತಿಯನ್ನೂ ಹೇಳಬೇಕು. ಅಧಿಕಾರಿಗಳು ಕೆಲವರೇ ಆದ್ದರಿಂದ ಹೀಗೆ ಕಳೆಯುತ್ತ ಹೋಗಿ ಒಬ್ಬನನ್ನು ಹಿಡಿಯಬಹುದು. ಅದೇ ತೋಪಿನಲ್ಲಿ ಬಿದ್ದ ಸಾಮಾನ್ಯ ಸಿಪಾಯಿಗೆ ಈ ದಾರಿ ಇಲ್ಲ. ಲೂಸ್ ಸ್ಮಾರಕದ ಗೋಡೆಯ ಮೇಲೆ ಅಂಥ ಹೆಸರುಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು.

ನಾನು ತೂಗಿದಂತೆ, ಹೆಣ ಚಾಕ್ ಪಿಟ್ ಕಡೆಯದು ಎಂಬುದು ಬಲವಾಗಿದೆ. ಪಡೆ ಐರಿಷ್ ಗಾರ್ಡ್ಸ್ ಎಂಬುದೂ ನಿಲ್ಲುತ್ತದೆ. ಲೋಹದ ಗುರುತು ಓದುವುದು ಕಷ್ಟವಾದರೂ ತಂಡದವರು ಹೆಣವನ್ನು ಕಣ್ಣಾರೆ ನೋಡಿ ಬರೆದದ್ದು, ಅಲ್ಲಿ ಅಂದಾಜಿಗೆ ಜಾಗ ಕಡಿಮೆ. ಸಡಿಲವಾಗಿರುವ ಕೊಂಡಿ ದರ್ಜೆಯದೇ. ಜೂನ್ 7ರಿಂದ ಜಾರಿ ಎನ್ನುವುದು ಸಂಬಳ ಮತ್ತು ಹಿರಿತನದ ಮಾತು. ಆ ಬೇಸಿಗೆಯಲ್ಲಿ ಹುಡುಗ ನಿಜವಾಗಿ ಎರಡನೇ ನಕ್ಷತ್ರ ಹೊಲಿಸಿಕೊಂಡನೇ ಎಂಬುದನ್ನು ಗೆಜೆಟ್ ಹೇಳಲಾರದು. ತಂದೆಯ ಪುಸ್ತಕದ ಸಾಲನ್ನು ನಾನು ಅಷ್ಟು ಭಾರವೆಂದು ಎಣಿಸುವುದಿಲ್ಲ. ಕದನದ ದಿನ ಪಡೆಯ ಪಟ್ಟಿಯಲ್ಲಿದ್ದ ದರ್ಜೆಯನ್ನು ಅವನು ಹಾಗೇ ಎತ್ತಿಕೊಂಡಿರಬಹುದು. ಆದರೆ ‘ಇರಬಹುದು’ ಎಂಬುದು ನನ್ನ ಸೇರ್ಪಡೆ, ದಾಖಲೆಯದಲ್ಲ. ಇನ್ನೊಂದು ಸಣ್ಣ ಸಂಗತಿ ಜಾನನ ಪರವಾಗಿದೆ. ಕದನಕ್ಕೆ ಕೆಲವೇ ದಿನ ಮೊದಲು ಅವನು ಮನೆಗೆ ಬರೆದ ಪತ್ರದಲ್ಲಿ, ಕೊರಳಿನ ಗುರುತಿನ ಬಿಲ್ಲೆ ಕಳೆದುಹೋಗಿದೆ, ಇನ್ನೊಂದು ಮಾಡಿಸಿ ಕಳಿಸಿ ಎಂದು ಕೇಳಿದ್ದ. 1919ರಲ್ಲಿ ಸಿಕ್ಕ ಹೆಣಕ್ಕೂ ಹೆಸರು ಹೇಳುವ ಬಿಲ್ಲೆ ಇರಲಿಲ್ಲ. ಬಿಲ್ಲೆಯಿಲ್ಲದ ಹೆಣಗಳು ಸಾವಿರಾರು, ಹಾಗಾಗಿ ಇದನ್ನು ಪುರಾವೆಯೆನ್ನಲಾರೆ. ವಿರುದ್ಧವಾಗಿಲ್ಲ ಎಂದಷ್ಟೇ ಹೇಳಬಹುದು.

ಗುರುತು ಹಿಡಿಯುವುದಕ್ಕಾಗಿಯೇ ಗೋರಿ ಅಗೆಯಲು ಆಯೋಗ ಒಪ್ಪುವುದಿಲ್ಲ. ಡಿಎನ್ಎ ಮಾತು ಅಲ್ಲಿಗೆ ಮುಗಿಯಿತು, ಉತ್ತರ ಬರುವುದಿದ್ದರೆ ಕಾಗದದಿಂದಲೇ ಬರಬೇಕು. ತಾಯಿ ಕ್ಯಾರಿ ಮನೆಯ ಲೆಕ್ಕಪತ್ರದಲ್ಲಿ ಬಲು ಬಿಗಿ. ಆಕೆಯ ದಿನಚರಿಗಳ ಮೂಲ ಉಳಿದಿಲ್ಲ, ಜೀವನಚರಿತ್ರೆ ಬರೆದ ಚಾರ್ಲ್ಸ್ ಕ್ಯಾರಿಂಗ್ಟನ್ ಮಾಡಿಕೊಂಡ ಟಿಪ್ಪಣಿಗಳಿವೆ. ಕುಟುಂಬದ ಉಳಿದ ಕಾಗದಗಳು ಸಸೆಕ್ಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಆ ಕಾಲದ ಅಧಿಕಾರಿ ಸಮವಸ್ತ್ರವನ್ನು ಸ್ವಂತ ದುಡ್ಡಿನಲ್ಲಿ ಹೊಲಿಸಬೇಕಿತ್ತು, ಈ ಅಧಿಕಾರಿಯ ವಯಸ್ಸಿಗೆ ಅದು ಅಪ್ಪನ ದುಡ್ಡು. 1915ರ ಜೂನ್, ಜುಲೈ ಅಥವಾ ಆಗಸ್ಟಿನ ಒಂದು ದರ್ಜಿ ಬಿಲ್ಲು, ಅದರಲ್ಲಿ ಒಂದು ಜೊತೆ ನಕ್ಷತ್ರದ ಬಾಬ್ತು ಕೆಲವು ಶಿಲಿಂಗ್ ಎಂಬ ಸಾಲು ಇದ್ದರೆ, ಇದುವರೆಗಿನ ವಾದಗಳೆಲ್ಲಕ್ಕಿಂತ ಅದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.