ಕೊಟ್ಟಿಗೆ, ಗೋದಾಮುಗಳಲ್ಲಿ ಪಾರಿವಾಳ ತಡೆ

ಧಾನ್ಯದ ಗೋದಾಮು, ದನದ ಕೊಟ್ಟಿಗೆ, ಕೋಳಿ ಫಾರಂ, ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡು ಮುಂತಾದ ಕಟ್ಟಡಗಳ ಮಾಡಿನಡಿಯಲ್ಲಿ ಪಾರಿವಾಳಗಳು ರಾತ್ರಿ ತಂಗದಂತೆ, ಗೂಡು ಕಟ್ಟದಂತೆ ಮಾಡುವ ಏರ್ಪಾಡು. ಗೊರವಂಕ, ಕಾಗೆ, ಗುಬ್ಬಚ್ಚಿಗಳೂ ಶೆಡ್ಡಿನೊಳಗೆ ಬರುತ್ತವೆ. ಆದರೆ ಹಿಂಡುಗಟ್ಟಿ ವರ್ಷವಿಡೀ ಬೀಡುಬಿಟ್ಟು, ಕೂಡಿಟ್ಟದ್ದನ್ನೆಲ್ಲ ಹಿಕ್ಕೆಯಿಂದ ಕೆಡಿಸುವ ಹಕ್ಕಿ ನಮ್ಮಲ್ಲಿ ಮುಖ್ಯವಾಗಿ ಪಾರಿವಾಳವೇ. ಕಲ್ಲು ಹೊಡೆದು, ಪಟಾಕಿ ಹಚ್ಚಿ, ಗೂಬೆಯ ಬೊಂಬೆ ತೂಗುಹಾಕಿ ಸೋತವರು ಬಹಳ. ಹಕ್ಕಿಯ ಮೇಲೆ ಕೈಮಾಡುವುದನ್ನು ಬಿಟ್ಟು ಕಟ್ಟಡವನ್ನು ಸರಿಪಡಿಸಿದಾಗ ಮಾತ್ರ ಈ ತೊಂದರೆ ನಿಲ್ಲುತ್ತದೆ.

ಹಕ್ಕಿಯ ಸ್ವಭಾವ

ಪಾರಿವಾಳ ಮೂಲತಃ ಬಂಡೆಕೋರೆಗಳ ಹಕ್ಕಿ. ಇದರ ವೈಜ್ಞಾನಿಕ ಹೆಸರು ಕೊಲಂಬಾ ಲಿವಿಯಾ. ಕಡಿದಾದ ಬಂಡೆಯ ಚಾಚು, ಗುಹೆಯ ಒಳಮೂಲೆ, ಹಾಳು ಬಾವಿಯ ಗೋಡೆಯ ಪೊಟರೆ ಇದರ ಸಹಜ ನೆಲೆಗಳು. ಮರದ ಕೊಂಬೆಯ ಮೇಲೆ ಇದು ಗೂಡು ಕಟ್ಟುವುದು ತೀರ ಅಪರೂಪ. ನೆರಳು, ಗಾಳಿಮಳೆಯಿಂದ ರಕ್ಷಣೆ, ಕಾಲೂರಲು ಚಪ್ಪಟೆ ಅಂಚು, ಇವು ಮೂರೂ ಒಂದೇ ಕಡೆ ಸಿಗುವ ಇಂದಿನ ಕಬ್ಬಿಣದ ಶೆಡ್ಡು ಅದಕ್ಕೆ ಹೇಳಿ ಮಾಡಿಸಿದ ಜಾಗ. ಆ್ಯಂಗಲ್ ಟ್ರಸ್ಸಿನ ಮೂಲೆಗಳು, ಶೀಟು ಹೊತ್ತ ಪರ್ಲಿನ್ನಿನ ಮಡಿಕೆ, ಗೋಡೆಯ ತಲೆಗೂ ಮಾಡಿಗೂ ನಡುವೆ ಉಳಿದ ಸಂದು, ಇವೆಲ್ಲವೂ ಅದಕ್ಕೆ ಬಂಡೆಯ ಚಾಚುಗಳೇ.

ಗೂಡು ಎಂಬುದು ಹೆಸರಿಗಷ್ಟೇ. ಒಂದು ಹಿಡಿ ಕಡ್ಡಿ, ಒಣಹುಲ್ಲಿನ ನಾಲ್ಕು ಎಳೆ, ಸಿಕ್ಕಿದರೆ ತುಕ್ಕು ಹಿಡಿದ ತಂತಿಯ ತುಂಡು. ಅದರ ಮೇಲೆ ಎರಡು ಬಿಳಿ ಮೊಟ್ಟೆ. ಗಂಡು ಹೆಣ್ಣು ಸರದಿಯಂತೆ ಸುಮಾರು 18 ದಿನ ಕಾವು ಕೊಡುತ್ತವೆ. ಮರಿಗಳಿಗೆ ಮೊದಲ ದಿನಗಳಲ್ಲಿ ತಮ್ಮ ಗಂಟಲಚೀಲದಲ್ಲಿ ಉತ್ಪತ್ತಿಯಾಗುವ ಹಾಲಿನಂಥ ಪದಾರ್ಥವನ್ನು ಎರಡೂ ಉಣಿಸುತ್ತವೆ. ನಾಲ್ಕೈದು ವಾರಗಳಲ್ಲಿ ಮರಿ ಹಾರುತ್ತದೆ. ಅನೇಕ ಹಕ್ಕಿಗಳು ಮರಿಗಳ ಹಿಕ್ಕೆಯನ್ನು ಕೊಕ್ಕಿನಲ್ಲಿ ಎತ್ತಿ ಹೊರಗೆ ಹಾಕಿದರೆ ಪಾರಿವಾಳ ಆ ಕೆಲಸ ಮಾಡುವುದಿಲ್ಲ. ಹಿಕ್ಕೆ ಗೂಡಿನ ಅಂಚಿಗೆ ಮೆತ್ತಿಕೊಂಡು ಒಣಗಿ ಗಾರೆಯಂತೆ ಗಟ್ಟಿಯಾಗುತ್ತದೆ. ಮುಂದಿನ ಸಲದ ಮೊಟ್ಟೆ ಅದರ ಮೇಲೆಯೇ. ಹಳೆಯ ಗೋದಾಮಿನ ಟ್ರಸ್ಸಿನ ಮೂಲೆಯಿಂದ ಇಂಥ ಗೂಡನ್ನು ಕಿತ್ತರೆ ತಟ್ಟೆಯಂತೆ ಇಡಿಯಾಗಿ ಕೈಗೆ ಬರುತ್ತದೆ. ಅಡ್ಡಲಾಗಿ ಮುರಿದರೆ ಒಂದರ ಮೇಲೊಂದು ಪದರ ಕಾಣುತ್ತವೆ. ಮೇವು ಸಿಗುವ ಕಡೆ ಈ ಸಂತಾನಕ್ರಿಯೆ ಹೆಚ್ಚುಕಡಿಮೆ ವರ್ಷವಿಡೀ ನಡೆಯುತ್ತದೆ. ಮೊದಲ ಜೋಡಿ ಮರಿ ಹಾರುವ ಮುನ್ನವೇ ಮುಂದಿನ ಮೊಟ್ಟೆ ಇಡುವುದೂ ಉಂಟು.

ದೂರ ಒಯ್ದು ಬಿಟ್ಟರೂ ತನ್ನ ಗೂಡಿಗೇ ಮರಳುವ, ನೆಲೆಯ ಮೇಲಿನ ಹಟ ಈ ಹಕ್ಕಿಯ ಇನ್ನೊಂದು ಗುಣ. ಒಡಿಶಾದ ಪೊಲೀಸರು 1946ರಲ್ಲಿ ಆರಂಭಿಸಿದ ಪಾರಿವಾಳ ಅಂಚೆ ದಶಕಗಳ ಕಾಲ ನಡೆದದ್ದು ಇದೇ ಗುಣದ ಬಲದಿಂದ. ಹಾಗಾಗಿ ಹಿಡಿದು ಚೀಲಕ್ಕೆ ಹಾಕಿ ದೂರದ ಊರಿನಲ್ಲಿ ಬಿಟ್ಟು ಬಂದರೆ, ಬಿಟ್ಟವನು ಮನೆ ಸೇರುವ ಮೊದಲೇ ಹಕ್ಕಿ ಶೆಡ್ಡು ಸೇರಿರಬಹುದು.

ಹಾನಿ

ಒಂದು ಪಾರಿವಾಳ ದಿನಕ್ಕೆ ಸುಮಾರು 30 ಗ್ರಾಂ ಕಾಳು ತಿನ್ನುತ್ತದೆ. ನೂರು ಹಕ್ಕಿ ಸೇರಿದರೆ ದಿನಕ್ಕೆ ಮೂರು ಕಿಲೋ. ಇದು ಸಣ್ಣ ನಷ್ಟ. ಹಿಕ್ಕೆ ಬಿದ್ದ ಚೀಲಗಳು, ಪುಕ್ಕ ಬೆರೆತ ಹಿಂಡಿ ಬೂಸಾ, ಗಲೀಜಾದ ನೀರಿನ ತೊಟ್ಟಿ, ಇವುಗಳಿಂದಾಗುವ ನಷ್ಟ ಅದಕ್ಕಿಂತ ದೊಡ್ಡದು. ಹಿಕ್ಕೆಯ ಮೂಲಕ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮೇವಿಗೆ ಸೇರಬಲ್ಲದು. ಕೋಳಿಗಳನ್ನು ಕಾಡುವ ರಾಣಿಖೇತ್ ರೋಗದ ವೈರಸ್ಸನ್ನು ಪಾರಿವಾಳಗಳೂ ಹೊರುವುದರಿಂದ ಕೋಳಿ ಫಾರಂಗಳಲ್ಲಿ ಅವುಗಳ ಪ್ರವೇಶ ತಡೆಯುವುದು ಅನಿವಾರ್ಯ. ಹಿಕ್ಕೆ ಮಳೆನೀರಿನ ದೋಣಿಗಳನ್ನು ಮುಚ್ಚಿಹಾಕುತ್ತದೆ. ಸತುವಿನ ಲೇಪವಿರುವ ಶೀಟಿನ ಮೇಲೆ ತೇವದೊಡನೆ ಬಹುಕಾಲ ಕೂತರೆ ತುಕ್ಕಿಗೆ ದಾರಿಯಾಗುತ್ತದೆ.

ಮನುಷ್ಯರ ಶ್ವಾಸಕೋಶಕ್ಕೆ ಆಗುವ ಕೇಡು ಎಲ್ಲಕ್ಕಿಂತ ಗಂಭೀರ. ಹಳೆಯ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಮಿದುಳಿನ ಪೊರೆಯ ಉರಿಯೂತದವರೆಗೂ ಹೋಗಬಲ್ಲದು. ಹಿಕ್ಕೆ, ಪುಕ್ಕಗಳ ದೂಳನ್ನು ವರ್ಷಗಟ್ಟಲೆ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶ ಅಲರ್ಜಿಯಿಂದ ಊದಿಕೊಂಡು ಕ್ರಮೇಣ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಒಣಹಿಕ್ಕೆಯನ್ನು ಪೊರಕೆಯಿಂದ ಗುಡಿಸಲೇಬಾರದು. ಮೊದಲು ನೀರು ಚಿಮುಕಿಸಿ ಚೆನ್ನಾಗಿ ನೆನೆಸಬೇಕು, ಎನ್-95 ಮಾಸ್ಕು ಮತ್ತು ಕೈಗವಸು ತೊಟ್ಟು ಸಲಿಕೆಯಿಂದ ಕೆರೆದು ಚೀಲಕ್ಕೆ ತುಂಬಬೇಕು. ಗೋದಾಮು ಗುಡಿಸುವ ಕೂಲಿಯವರಿಗೆ ಬರಿ ಟವೆಲ್ಲು ಸುತ್ತಿಕೊಂಡು ಈ ಕೆಲಸ ಮಾಡಲು ಬಿಡುವುದು ತಪ್ಪು. ಮಾಸ್ಕು ಒದಗಿಸುವುದು ಮಾಲೀಕರ ಹೊಣೆ.

ದಾರಿ ಮುಚ್ಚುವುದು

ಮೊದಲ ಕೆಲಸ ಬಲೆ. ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ಬಲೆ ಸಾಕು. ಗೊರವಂಕವನ್ನೂ ತಡೆಯಬೇಕಾದರೆ 28, ಗುಬ್ಬಚ್ಚಿಗೆ 19 ಮಿಲಿಮೀಟರ್ ಬೇಕಾಗುತ್ತದೆ. ಬಿಸಿಲಿಗೆ ಪುಡಿಯಾಗದಂತೆ ಸಂಸ್ಕರಿಸಿದ ನೈಲಾನ್ ಅಥವಾ ಪಾಲಿಥೀನ್ ಬಲೆ ವರ್ಷಗಟ್ಟಲೆ ಬಾಳುತ್ತದೆ. ಅಗ್ಗದ ಬಲೆ ಎರಡು ಬೇಸಿಗೆಗೇ ಎಳೆಬಿಡುತ್ತದೆ. ಬಲೆಯನ್ನು ಮೊಳೆಗೆ ಸಿಕ್ಕಿಸಿ ಜೋತಾಡಲು ಬಿಡುವುದು ಎಲ್ಲೆಡೆ ಕಾಣುವ ದೋಷ. ಜೋತ ಬಲೆಯಲ್ಲಿ ಹಕ್ಕಿಯ ಕಾಲು, ರೆಕ್ಕೆ ಸಿಲುಕಿ ಅದು ನೇತಾಡಿ ಸಾಯುತ್ತದೆ, ಸಂದು ಕಂಡ ಕಡೆ ಉಳಿದವು ಒಳಗೂ ನುಗ್ಗುತ್ತವೆ. ನಾಲ್ಕೂ ಅಂಚಿಗೆ ಉಕ್ಕಿನ ತಂತಿ ಎಳೆದು ಬಿಗಿಮಾಡಿ, ಬಲೆಯ ಅಂಚನ್ನು ಆ ತಂತಿಗೆ ಕ್ಲಿಪ್ಪಿನಿಂದ ಸಾಲಾಗಿ ಹಿಡಿಸಬೇಕು. ಬೆರಳಿನಿಂದ ಒತ್ತಿದರೆ ಚಾರ್ಪಾಯಿಯಂತೆ ಪುಟಿಯುವಷ್ಟು ಬಿಗಿ ಇರಬೇಕು.

ಎತ್ತರದ ಗೋದಾಮಿನಲ್ಲಿ ಪ್ರತಿ ಟ್ರಸ್ಸಿಗೂ ಬೇರೆ ಬಲೆ ಸುತ್ತುವುದಕ್ಕಿಂತ, ಎಲ್ಲ ಟ್ರಸ್ಸುಗಳ ಕೆಳಗೆ ಒಂದೇ ಚಾವಣಿಯಂತೆ ಅಡ್ಡಲಾಗಿ ಬಲೆ ಕಟ್ಟಿ ಮಾಡಿನ ಇಡೀ ಒಳಜಾಗವನ್ನು ಮುಚ್ಚುವುದು ಲೇಸು. ದೀಪ ಬದಲಿಸಲು, ಶೀಟು ರಿಪೇರಿಗೆ ಮೇಲೇರಲು ನಡುನಡುವೆ ಜಿಪ್ಪಿನ ಬಾಯಿ ಇಡಬೇಕು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಲೆಯನ್ನೇ ಕತ್ತರಿಸುತ್ತಾನೆ, ಆ ತೂತೇ ಮುಂದೆ ಹೆಬ್ಬಾಗಿಲಾಗುತ್ತದೆ. ಸೂರಿನ ಕೆಳಗೆ ಸುಕ್ಕುಶೀಟಿನ ಅಲೆಗಳಲ್ಲಿ ಉಳಿಯುವ ಸಂದು, ಗಾಳಿಕಿಂಡಿ, ಎಕ್ಸಾಸ್ಟ್ ಫ್ಯಾನಿನ ಬಾಯಿ, ಇವಕ್ಕೆ ತಂತಿ ಜಾಲರಿ ಬೇಕು. ಕೊಟ್ಟಿಗೆಯಲ್ಲಿ ಇವನ್ನು ಹಲಗೆಯಿಂದಲೋ ಗೋಣಿಯಿಂದಲೋ ಮುಚ್ಚಬಾರದು. ಗಾಳಿಯಾಡದೆ ಗಂಜಲದ ಅಮೋನಿಯಾ ಮತ್ತು ಸೆಕೆ ದನಗಳ ಆರೋಗ್ಯ ಕೆಡಿಸುತ್ತವೆ. ಲಾರಿ, ಟ್ರ್ಯಾಕ್ಟರ್ ಓಡಾಡುವ ಬಾಗಿಲಿಗೆ ಪಾರದರ್ಶಕ ಪಿವಿಸಿ ಪಟ್ಟಿಗಳ ಪರದೆ ಹೊಂದುತ್ತದೆ.

ಬಲೆ ಕಟ್ಟಲಾಗದ ತೆರೆದ ಶೆಡ್ಡುಗಳಲ್ಲಿ ಕೂರುವ ಅಂಚನ್ನೇ ಇಲ್ಲವಾಗಿಸಬೇಕು. ತೊಲೆ ಅಥವಾ ಗೋಡೆಯ ತಲೆಯ ಮೇಲೆ ನುಣುಪಾದ ತಗಡನ್ನು 45 ಡಿಗ್ರಿಗಿಂತ ಕಡಿದಾಗಿ, ಸಾಧ್ಯವಾದರೆ 60 ಡಿಗ್ರಿಯಷ್ಟು ಓರೆಯಾಗಿ ಕೂರಿಸಿದರೆ ಪಾರಿವಾಳದ ಕಾಲು ಜಾರುತ್ತದೆ. ಇದು ಊರಿನ ಬಡಗಿಯೋ ವೆಲ್ಡಿಂಗಿನವನೋ ಒಂದು ದಿನದಲ್ಲಿ ಮಾಡುವ ಕೆಲಸ. ಹೊಸದಾಗಿ ಶೆಡ್ಡು ಕಟ್ಟಿಸುವವರು ಮೊದಲೇ ಕೊಳವೆ ಆಕಾರದ ಟ್ರಸ್ಸು ಆರಿಸಿಕೊಂಡರೆ ಚಪ್ಪಟೆ ಅಂಚುಗಳು ಕಡಿಮೆಯಾಗುತ್ತವೆ.

ಅಂಚಿನ ಮೇಲೆ ಹಚ್ಚುವ ಮುಳ್ಳುಪಟ್ಟಿಗಳು ಕಿರಿದಾದ ಚಾಚುಗಳಲ್ಲಿ ಉಪಯುಕ್ತ. ಆದರೆ ಎರಡು ಸಾಲಿನ ನಡುವೆ ಕಸ ಸೇರಿದರೆ ಪಾರಿವಾಳ ಅದರ ಮೇಲೆಯೇ ಕಡ್ಡಿ ಹೇರಿ ಗೂಡು ಮಾಡುತ್ತದೆ. ನೆದರ್ಲೆಂಡ್ಸಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ಮುಂದಿನ ಸಂಗತಿ ತಿಳಿಸಿತು. ರಾಟರ್‌ಡ್ಯಾಮ್, ಆ್ಯಂಟ್ವರ್ಪ್ ನಗರಗಳಲ್ಲಿ ಕಾಗೆ ಮತ್ತು ಮ್ಯಾಗ್‌ಪೈ ಹಕ್ಕಿಗಳು ಕಟ್ಟಡಗಳಿಂದ ಇಂಥ ಮುಳ್ಳುಪಟ್ಟಿಗಳನ್ನು ತಂದು ತಮ್ಮ ಗೂಡಿಗೇ ಬಳಸಿದ್ದವು. ಮ್ಯಾಗ್‌ಪೈಗಳು ಮುಳ್ಳುಗಳನ್ನು ಹೊರಮುಖವಾಗಿ ಜೋಡಿಸಿ ಗೂಡಿಗೆ ಬೇಲಿ ಹಾಕಿಕೊಂಡಂತಿತ್ತು.

ಹೆದರಿಸುವುದು, ಕೊಲ್ಲುವುದು

ಮಿನುಗುವ ರಿಬ್ಬನ್ನು, ಹಳೆಯ ಸಿಡಿ, ಪ್ಲಾಸ್ಟಿಕ್ ಗೂಬೆ, ಗಿಡುಗನ ಕೂಗಿನ ರೆಕಾರ್ಡು, ಎಲ್ಲವೂ ಕೆಲವು ದಿನಗಳ ಮಾತು. ಅಲುಗದ ಗೂಬೆ ಅಪಾಯಕಾರಿಯಲ್ಲ ಎಂದು ಹಕ್ಕಿ ಬೇಗ ಕಲಿಯುತ್ತದೆ. ಹಕ್ಕಿಗಳು ಹೊಸದಾಗಿ ನೋಡಿಹೋಗಲು ಬಂದಿರುವಾಗ, ಗೂಡು ಕಟ್ಟುವ ಮುನ್ನ, ಬಲೆ ತರಿಸುವವರೆಗೆ ಕಾಲ ತಳ್ಳಲು ಇವು ಆದಾವು.

ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಣ ಸುರಿಯುವುದು ಮಾತ್ರ ಶುದ್ಧ ನಷ್ಟ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್ ತನಕ ಕೇಳಬಲ್ಲದು, ಅದಕ್ಕೂ ಮೇಲಿನದು ಅಲ್ಟ್ರಾಸಾನಿಕ್. ಪಾರಿವಾಳದ ಕಿವಿಯ ಮೇಲ್ಮಿತಿ ನಮ್ಮದಕ್ಕಿಂತ ಬಹಳ ಕೆಳಗಿದೆ. ತೀರ ಕೆಳಸ್ಥಾಯಿಯ, ನಮಗೆ ಕೇಳಿಸದ ಕಂಪನಗಳನ್ನು ಅದು ಗ್ರಹಿಸುತ್ತದೆ, ಮೇಲಿನದನ್ನಲ್ಲ. ಯಂತ್ರ ಹೊರಡಿಸುವ ಸದ್ದು ಅದಕ್ಕೆ ಕೇಳಿಸುವುದೇ ಇಲ್ಲ. ಖಾರದ ಪುಡಿ ಎರಚುವುದೂ ಹೀಗೆಯೇ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ಸಸ್ತನಿಗಳ ನರಗಳನ್ನು ಕೆರಳಿಸುತ್ತದೆ, ಹಕ್ಕಿಗಳನ್ನಲ್ಲ. ಕಾಡು ಮೆಣಸಿನ ಬೀಜ ಹರಡುವುದೇ ಹಕ್ಕಿಗಳಿಂದ. ಖಾರದ ಪುಡಿಯಿಂದ ಸೀನುವವರು ಕೊಟ್ಟಿಗೆಯ ದನ ಮತ್ತು ಆಳು. ಅಂಟುಗೋಂದು ಹಚ್ಚುವ ಪದ್ಧತಿಯನ್ನು ಕೈಬಿಡಲೇಬೇಕು. ಅದಕ್ಕೆ ಸಿಲುಕಿ ಪುಕ್ಕ ಕಳೆದುಕೊಂಡು ನರಳಿ ಸಾಯುವುದು ಹೆಚ್ಚಾಗಿ ಗುಬ್ಬಚ್ಚಿಯಂಥ ಚಿಕ್ಕ ಹಕ್ಕಿಗಳು.

ಕೊಲ್ಲುವುದರಿಂದ ಏನಾಗುತ್ತದೆ ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಅನುಭವ ಪ್ರಸಿದ್ಧ. ಅಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರೂ ಸಂಖ್ಯೆ ಇಳಿಯಲಿಲ್ಲ. ಸತ್ತವುಗಳ ಪಾಲಿನ ಕಾಳು, ಜಾಗ ಉಳಿದವುಗಳ ಮರಿಗಳಿಗೆ ಸಿಕ್ಕಿತು. ಜೀವಶಾಸ್ತ್ರಜ್ಞ ಡೇನಿಯಲ್ ಹಾಗ್-ವಾಕರ್ನಾಗೆಲ್ ಅವರ ಮಾರ್ಗದರ್ಶನದಲ್ಲಿ 1988ರಿಂದ ಜನ ಕಾಳು ಹಾಕುವುದನ್ನು ತಗ್ಗಿಸಲು ಪ್ರಚಾರ ನಡೆದ ಮೇಲೆಯೇ ಹಿಂಡು ಕುಗ್ಗಿತು. ವೆನಿಸ್ಸಿನ ಸಂತ ಮಾರ್ಕನ ಚೌಕದಲ್ಲಿ 2008ರಲ್ಲಿ ಕಾಳು ಮಾರಾಟ ನಿಲ್ಲಿಸಿದ್ದೂ ಇದೇ ತಿಳಿವಳಿಕೆಯಿಂದ. ಶೆಡ್ಡಿಗೂ ಅದೇ ನ್ಯಾಯ. ಹಿಂಡಿ, ಬೂಸಾ, ನುಚ್ಚಿಗೆ ಮುಚ್ಚಳವಿರುವ ಡ್ರಮ್ಮು ಬೇಕು. ಚೆಲ್ಲಿದ ಕಾಳನ್ನು ಅಂದೇ ಗುಡಿಸಬೇಕು. ಹರಿದ ಚೀಲವನ್ನು ಅಂದೇ ಹೊಲಿಯಬೇಕು.

ಉಳಿಸಿಕೊಳ್ಳಬೇಕಾದವು

ಶೆಡ್ಡಿಗೆ ಬರುವ ಎಲ್ಲ ಹಕ್ಕಿಯೂ ಬೇಡದ್ದಲ್ಲ. ಹಳೆಯ ಜಂತಿ ಮನೆಗಳಲ್ಲಿ ಪಟದ ಹಿಂದೆ, ತೊಲೆಯ ಸಂದಿನಲ್ಲಿ ಗೂಡು ಕಟ್ಟುತ್ತಿದ್ದ ಗುಬ್ಬಚ್ಚಿಗೆ ಕಾಂಕ್ರೀಟ್ ಮನೆಗಳಲ್ಲಿ ಜಾಗವಿಲ್ಲ. ಆಹಾರ ದಾಸ್ತಾನು ಇಲ್ಲದ ಶೆಡ್ಡಿನಲ್ಲಿ ಅದನ್ನು ಇರಗೊಡುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ನೊಣ, ಸೊಳ್ಳೆ ಹಿಡಿಯುವ ಕವಲುತೋಕೆಗಳ ಮಣ್ಣಿನ ಗೂಡಿನ ಕೆಳಗೆ ಒಂದು ಹಲಗೆ ಹಚ್ಚಿದರೆ ಹಿಕ್ಕೆ ಅದರ ಮೇಲೆ ಬೀಳುತ್ತದೆ.

ಕಣಜಗೂಬೆಯಂತೂ ಧಾನ್ಯ ಇಡುವವರ ನೆಂಟ. ಅಪಶಕುನವೆಂದು ಅದನ್ನು ಓಡಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಇದರಿಂದ ಲಾಭವಾಗುವುದು ಇಲಿಗೆ. ಕಣಜಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ ಕೂದಲನ್ನು ಕಪ್ಪು ಉಂಡೆಯಾಗಿ ಕಾರುತ್ತದೆ. ಅದು ಕೂರುವ ಜಾಗದ ಕೆಳಗೆ ಬಿದ್ದ ಉಂಡೆಯನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ಇಲಿಗಳ ತಲೆಬುರುಡೆಗಳೇ ಸಿಗುತ್ತವೆ. ಇಂಗ್ಲೆಂಡಿನ ಹಳೆಯ ಕಣಜಗಳ ಗೋಡೆಯಲ್ಲಿ ಗೂಬೆ ಒಳಬರಲೆಂದೇ ಕಿಂಡಿ ಬಿಡುತ್ತಿದ್ದರು. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿ ಹತೋಟಿಗೆ ಗೂಬೆಪೆಟ್ಟಿಗೆ ಇಡುವ ಪದ್ಧತಿ ಇದೆ. ಆದರೆ ಗೂಬೆ ಇದ್ದರೆ ಪಾರಿವಾಳ ಬರುವುದಿಲ್ಲ ಎಂಬ ನಂಬಿಕೆ ನಿಜವಲ್ಲ, ಎರಡೂ ಒಂದೇ ಮಾಡಿನಡಿ ಬಾಳುತ್ತವೆ. ಶೆಡ್ಡಿಗೆ ಬಲೆ ಕಟ್ಟಿ, ಹೊರಗೋಡೆಯ ಎತ್ತರದಲ್ಲಿ ಅರ್ಧ ಮೀಟರಿನಷ್ಟು ಆಳದ ಪೆಟ್ಟಿಗೆಯನ್ನು ಗೂಬೆಗೆಂದು ಇಡುವುದು ಸರಿಯಾದ ಮಾರ್ಗ.

ಕಾಲ ಮತ್ತು ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಕ್ಷಿತ ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕದಡುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ಹಕ್ಕಿಯನ್ನು ಹಿಂಸಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದ್ದರಿಂದ ಬಲೆ ಕಟ್ಟುವ ಮೊದಲು ಏಣಿ ಹಾಕಿ ಪ್ರತಿ ಮೂಲೆಯನ್ನೂ ನೋಡಬೇಕು. ಮೊಟ್ಟೆಯೋ ಮರಿಯೋ ಇರುವ ಗೂಡನ್ನು ಮುಟ್ಟದೆ ಬಿಟ್ಟು, ಖಾಲಿ ಮೂಲೆಗಳಿಂದ ಕೆಲಸ ಶುರುಮಾಡಬೇಕು. ಮೊಟ್ಟೆಯಿಂದ ಮರಿ ಹಾರುವವರೆಗೆ ಏಳು ವಾರ ಹಿಡಿಯುತ್ತದೆ. ಹಕ್ಕಿಗಳು ಮೇಯಲು ಹೋದ ಹಗಲಿನಲ್ಲಿ ಬಲೆ ಬಿಗಿದು, ಕೊನೆಯ ಮಗ್ಗುಲು ಕಟ್ಟುವ ಮುನ್ನ ಒಳಗೆ ಒಂದೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಹೊರಗುಳಿದ ಹಿಂಡು ಕೆಲವು ಸಂಜೆ ಮಾಡಿನ ಸುತ್ತ ಸುಳಿದಾಡಿ ತೂತು ಹುಡುಕುತ್ತದೆ. ಬಲೆ ಕಟ್ಟಿದ ಮೊದಲ ವಾರ ಪ್ರತಿದಿನ ಸಂಜೆ, ಆಮೇಲೆ ಪ್ರತಿ ಮಳೆಗಾಲದ ನಂತರ ಒಮ್ಮೆ, ಬಲೆಯ ಸುತ್ತ ತಪ್ಪದೆ ನಡೆದು ನೋಡಿ.