ಬುಲ್ಸ್ ಕಿರೀಟ ಗೆದ್ದ ವರ್ಷ

ಕಬಡ್ಡಿಯಲ್ಲಿ ಕರ್ನಾಟಕ ಮರೆಯಬಾರದ ದಿನ 2019ರ ಜನವರಿ 5. ಅಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ 38–33ರಿಂದ ಗುಜರಾತ್ ಫಾರ್ಚೂನ್ ಜೈಂಟ್ಸ್ ತಂಡವನ್ನು ಮಣಿಸಿ, ಪ್ರೊ ಕಬಡ್ಡಿ ಲೀಗ್‌ನ ಆರನೇ ಆವೃತ್ತಿಯ ಚಾಂಪಿಯನ್ ಆಯಿತು. 2015ರ ಫೈನಲ್‌ನಲ್ಲಿ ಯು ಮುಂಬಾ ಎದುರು ಕೈತಪ್ಪಿದ್ದ ಪ್ರಶಸ್ತಿ ಅದು.

ವಿರಾಮದ ವೇಳೆಗೆ ಬುಲ್ಸ್ 9–16ರಿಂದ ಹಿಂದಿತ್ತು. ದ್ವಿತೀಯಾರ್ಧದಲ್ಲಿ ಪವನ್ ಶೆರಾವತ್ ಅವರ ದಾಳಿಗಳು ಪಂದ್ಯದ ದಿಕ್ಕನ್ನೇ ಬದಲಿಸಿದವು. ಫೈನಲ್‌ನಲ್ಲಿ ಅವರೊಬ್ಬರೇ ಗಳಿಸಿದ್ದು 22 ಅಂಕ. ಇಡೀ ಆವೃತ್ತಿಯಲ್ಲಿ 271 ದಾಳಿ ಅಂಕ. ಹಿಂದಿನ ಆವೃತ್ತಿಯಲ್ಲಿ ಅವರು ಗುಜರಾತ್ ಪರವೇ ಆಡಿದ್ದರು. ರೋಹಿತ್ ಕುಮಾರ್ ಆಗ ಬುಲ್ಸ್ ತಂಡದ ನಾಯಕ, ರಣಧೀರ್ ಸಿಂಗ್ ತರಬೇತುದಾರ. ಬುಲ್ಸ್‌ಗೆ ಇದು ಚೊಚ್ಚಲ ಪ್ರೊ ಕಬಡ್ಡಿ ಕಿರೀಟ.